ಗೆಲಾಕ್ಸಿಯ ನಡುವಿನ ಕ್ಷ-ಕಿರಣ ಏಕೆ ಏರಿಳಿಯುತ್ತದೆ, ಎಷ್ಟು ಕಾಲ ನೋಡಿದರೆ ತಿಳಿಯುತ್ತದೆ?

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದೇನೆ. ವಿದ್ಯಾರ್ಥಿಗಳನ್ನು ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ನೋಡಲು ಕರೆದುಕೊಂಡು ಹೋಗಿದ್ದಾಗ, ನಡುಭಾಗ ಅಸಾಧಾರಣವಾಗಿ ಹೊಳೆಯುವ ಸಕ್ರಿಯ ಗೆಲಾಕ್ಸಿಗಳ ಮಾತು ಬಂತು. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯೊಂದರ ಕ್ಷ-ಕಿರಣ ಹೊಳಪು ಕೆಲವೇ ತಿಂಗಳಲ್ಲಿ ಅರ್ಧಕ್ಕಿಳಿಯುವುದು ಹೇಗೆ ಸಾಧ್ಯ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಉಪಗ್ರಹವೊಂದು ಆಗೊಮ್ಮೆ ಈಗೊಮ್ಮೆ ಇಣುಕಿ ನೋಡಿದ ಮಾತ್ರಕ್ಕೆ ‘ದೀರ್ಘಕಾಲಿಕ ಬದಲಾವಣೆ’ ಎಂದು ಹೇಳಬಹುದೇ, ಇಂಥ ಏರಿಳಿತಕ್ಕೆ ನಿಶ್ಚಿತ ಅವಧಿಯೇನಾದರೂ ಇದೆಯೇ ಎಂಬುದು ನನ್ನ ಸಂದೇಹ. ವಿವರಿಸುವಿರಾ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಆಕ್ಷೇಪ ನ್ಯಾಯವಾದದ್ದು. ಇಡೀ ಗೆಲಾಕ್ಸಿ ಮಸುಕಾಗುವುದಾದರೆ ಅದಕ್ಕೆ ಲಕ್ಷ ವರ್ಷಗಳಾದರೂ ಬೇಕು. ಅದರ ಒಂದು ಅಂಚಿನ ಸುದ್ದಿ ಇನ್ನೊಂದು ಅಂಚಿಗೆ ತಲುಪಲು ಬೆಳಕಿಗೇ ಅಷ್ಟು ಕಾಲ ಹಿಡಿಯುತ್ತದೆ. ಆದರೆ ಮಸುಕಾಗುವುದು ಗೆಲಾಕ್ಸಿಯಲ್ಲ, ಅದರ ನಟ್ಟನಡುವಿನ ಒಂದು ಅತಿ ಸಣ್ಣ ಜಾಗ. ಅಲ್ಲಿ ಸೂರ್ಯನ ಹತ್ತು ಲಕ್ಷದಿಂದ ಕೆಲವು ನೂರು ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ಇರುತ್ತದೆ. ಕಪ್ಪುಕುಳಿಯ ಗಾತ್ರದ ಲೆಕ್ಕ ತರಗತಿಯಲ್ಲೇ ಮಾಡಬಹುದಾದಷ್ಟು ಸುಲಭ: ಒಂದು ಸೂರ್ಯನ ದ್ರವ್ಯರಾಶಿಗೆ ಸುಮಾರು 3 ಕಿಲೋಮೀಟರ್ ತ್ರಿಜ್ಯ. ಹತ್ತು ಕೋಟಿ ಸೂರ್ಯರಷ್ಟಿದ್ದರೆ 30 ಕೋಟಿ ಕಿಲೋಮೀಟರ್, ಎಂದರೆ ಭೂಮಿಗೂ ಸೂರ್ಯನಿಗೂ ಇರುವ ಅಂತರದ ಎರಡರಷ್ಟು. ಬೆಳಕು ಅದನ್ನು ಸುಮಾರು 1,000 ಸೆಕೆಂಡಿನಲ್ಲಿ, ಹದಿನೇಳು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ದಾಟುತ್ತದೆ.

ಈ ಕಪ್ಪುಕುಳಿಯ ಸುತ್ತ ಅನಿಲ ತಟ್ಟೆಯ ಆಕಾರದಲ್ಲಿ ಸುತ್ತುತ್ತಾ ನಿಧಾನವಾಗಿ ಒಳಸರಿಯುತ್ತದೆ. ತಿಕ್ಕಾಟದಿಂದ ಕಾದ ಆ ತಟ್ಟೆ ಮುಖ್ಯವಾಗಿ ನೇರಳಾತೀತ ಮತ್ತು ಗೋಚರ ಬೆಳಕನ್ನು ಸೂಸುತ್ತದೆ. ಕ್ಷ-ಕಿರಣ ಹೊರಡುವುದು ಇನ್ನೂ ಒಳಗಿನಿಂದ. ಕಪ್ಪುಕುಳಿಗೆ ಅಂಟಿಕೊಂಡಂತೆ ಸುಮಾರು ನೂರು ಕೋಟಿ ಡಿಗ್ರಿಯ ಬಿಸಿ ಎಲೆಕ್ಟ್ರಾನುಗಳ ಮೋಡವೊಂದಿದ್ದು, ತಟ್ಟೆಯಿಂದ ಬಂದ ನೇರಳಾತೀತ ಫೋಟಾನುಗಳು ಈ ಎಲೆಕ್ಟ್ರಾನುಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು, ಅವುಗಳಿಂದ ಶಕ್ತಿ ಪಡೆದು ಕ್ಷ-ಕಿರಣವಾಗಿ ಹೊರಬರುತ್ತವೆ. ಈ ಮೋಡವನ್ನು ಕರೋನಾ ಎನ್ನುತ್ತಾರೆ. ಗೆಲಾಕ್ಸಿಯ ಉಳಿದ ಭಾಗದಲ್ಲೂ ಕ್ಷ-ಕಿರಣ ಸೂಸುವ ಜೋಡಿ ನಕ್ಷತ್ರಗಳಿವೆ, ನಿಜ. ಆದರೆ ಸಕ್ರಿಯವಾದ ನಡುಭಾಗದ ಮುಂದೆ ಅವುಗಳ ಒಟ್ಟು ಮೊತ್ತವೂ ಗಣನೆಗೆ ಬರುವುದಿಲ್ಲ.

ಇದೇ ವಾದವನ್ನು ತಿರುಗಿಸಿಯೂ ಬಳಸುತ್ತಾರೆ, ಮತ್ತು ಚರಿತ್ರೆಯಲ್ಲಿ ಹಾಗೆ ಬಳಸಿದ್ದೇ ಹೆಚ್ಚು. ಒಂದು ಆಕರದ ಹೊಳಪು ಒಂದು ಗಂಟೆಯೊಳಗೆ ಇಮ್ಮಡಿಯಾದರೆ, ಅದರ ಅಗಲ ಬೆಳಕು ಒಂದು ಗಂಟೆಯಲ್ಲಿ ಕ್ರಮಿಸುವ 108 ಕೋಟಿ ಕಿಲೋಮೀಟರಿಗಿಂತ ಹೆಚ್ಚಿರಲಾರದು. ಗುರುಗ್ರಹದ ಕಕ್ಷೆಯ ವ್ಯಾಸ ಇದಕ್ಕಿಂತ ದೊಡ್ಡದು. ಎನ್‌ಜಿಸಿ 4051 ಎಂಬ ಗೆಲಾಕ್ಸಿ ಇಂಥ ಚುರುಕಿನದು. ಯಾವ ದೂರದರ್ಶಕವೂ ಬಿಡಿಸಿ ತೋರಿಸಲಾರದಷ್ಟು ಚಿಕ್ಕ ಜಾಗದ ಅಳತೆ ನಮಗೆ ಹೀಗೆ ಬರಿಯ ಗಡಿಯಾರದಿಂದ ದೊರೆಯಿತು. ಕಪ್ಪುಕುಳಿಯಿಂದ ಚಿಮ್ಮುವ ಧಾರೆ ನೇರವಾಗಿ ನಮ್ಮತ್ತಲೇ ಮುಖ ಮಾಡಿರುವ ಬ್ಲೇಜಾರ್‌ಗಳಿಗೆ ಮಾತ್ರ ಈ ಲೆಕ್ಕವನ್ನು ಸಾಪೇಕ್ಷತೆಯ ನಿಯಮದಂತೆ ತಿದ್ದಿಕೊಳ್ಳಬೇಕಾಗುತ್ತದೆ. ಅವುಗಳ ಕತೆಯೇ ಬೇರೆಯಾದ್ದರಿಂದ ಇಲ್ಲಿ ಅವನ್ನು ಬಿಟ್ಟಿದ್ದೇನೆ.

ಗೌರಿಬಿದನೂರಿನಲ್ಲಿ ನೀವು ನೋಡಿದ್ದು ನೆಲದ ಮೇಲೆ ಹರಡಿದ ಆಂಟೆನಾಗಳನ್ನು. 34.5 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ವಾಯುಮಂಡಲವನ್ನು ಹಾದು ಅಲ್ಲಿಯವರೆಗೂ ಇಳಿದು ಬರುತ್ತದೆ. ಕ್ಷ-ಕಿರಣವಾದರೋ ನಮ್ಮ ತಲೆಯ ಮೇಲೆ ಹತ್ತಾರು ಕಿಲೋಮೀಟರ್ ಎತ್ತರದಲ್ಲೇ ಗಾಳಿಯಲ್ಲಿ ಹೀರಿಹೋಗುತ್ತದೆ. ಆದ್ದರಿಂದ ಈ ಅಧ್ಯಯನದ ದಾಖಲೆಯೆಲ್ಲ ಉಪಗ್ರಹಗಳದ್ದು. 1970ರ ಡಿಸೆಂಬರಿನಲ್ಲಿ ಹಾರಿದ ಉಹುರು ಉಪಗ್ರಹದಿಂದ ಎಣಿಸಿದರೆ ಅದರ ವಯಸ್ಸು ಅರ್ಧ ಶತಮಾನಕ್ಕಿಂತ ತುಸು ಹೆಚ್ಚು, ಅಷ್ಟೇ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊಳಪು ಇಳಿದದ್ದು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆಕರವೇ ಮಂಕಾಯಿತೋ, ಅದರ ಮುಂದೆ ಏನಾದರೂ ಅಡ್ಡ ಬಂದಿತೋ? ಇದನ್ನು ಕೇಳದೆ ಬರೆದ ಸುದ್ದಿಗಳೇ ಹೆಚ್ಚು. ಬೇರ್ಪಡಿಸುವ ಉಪಾಯವೂ ಇದೆ. ಅನಿಲದ ಮೋಡವೊಂದು ನಡುವೆ ಬಂದರೆ ಅದು ಕಡಿಮೆ ಶಕ್ತಿಯ ಕ್ಷ-ಕಿರಣವನ್ನು ಹೆಚ್ಚಾಗಿ ಹೀರಿ, ಹೆಚ್ಚಿನ ಶಕ್ತಿಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಕ್ಷ-ಕಿರಣದ ಶಕ್ತಿಯನ್ನು ಅಳೆಯುವ ಮಾನದಲ್ಲಿ ಒಂದೆರಡು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನದು ಕುಸಿದು, ಐದರಿಂದ ಹತ್ತರ ನಡುವಿನದು ಹಾಗೆಯೇ ಉಳಿದಿದ್ದರೆ ಮೋಡದ ಮೇಲೆ ಅನುಮಾನ ಪಡಬೇಕು. ಎರಡೂ ಒಟ್ಟಿಗೆ ಇಳಿದಿದ್ದರೆ ಆಕರದ ಮೇಲೆ. ಮೋಡ ಬಹಳ ದಟ್ಟವಾಗಿದ್ದರೆ ಹತ್ತು ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನದನ್ನೆಲ್ಲ ತಡೆದುಬಿಡುವುದರಿಂದ ಈ ಪರೀಕ್ಷೆಯೂ ಕೆಲವೊಮ್ಮೆ ಕೈಕೊಡುತ್ತದೆ.

ಎನ್‌ಜಿಸಿ 1365ರ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಮಾರು ಆರು ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯನ್ನು 2006ರ ಏಪ್ರಿಲ್‌ನಲ್ಲಿ ‘ಚಂದ್ರ’ ಎಂಬ ಕ್ಷ-ಕಿರಣ ಉಪಗ್ರಹ ಎರಡು ವಾರಗಳ ಕಾಲ, ಸುಮಾರು ಎರಡು ದಿನಕ್ಕೊಮ್ಮೆ ನೋಡಿತು. ಮೊದಲ ಸಲ ನಡುಭಾಗ ಕಂಡಿತು. ಎರಡು ದಿನದ ನಂತರ ನೋಡಿದರೆ ಅದು ಪೂರ್ತಿಯಾಗಿ ಮುಚ್ಚಿಹೋಗಿತ್ತು. ಮತ್ತೆರಡು ದಿನಕ್ಕೆ ಮರಳಿ ಕಂಡಿತು. ಕಪ್ಪುಕುಳಿಯ ಹತ್ತಿರವೇ ಸುತ್ತುತ್ತಿದ್ದ ಅನಿಲದ ಉಂಡೆಯೊಂದು ನಮ್ಮ ದೃಷ್ಟಿರೇಖೆಯನ್ನು ದಾಟಿ ಹೋಗಿತ್ತು, ಎಂದರೆ ಅದೊಂದು ಗ್ರಹಣ. ಮುಚ್ಚಲು ಮತ್ತು ತೆರೆಯಲು ಹಿಡಿದ ಸಮಯದಿಂದ ಕ್ಷ-ಕಿರಣದ ಆಕರ ಭೂಮಿ–ಸೂರ್ಯರ ಅಂತರದ ಸುಮಾರು ಏಳು ಪಟ್ಟು ಎಂದು ಲೆಕ್ಕ ಹಾಕಿದರು. ಅದು ಹೆಚ್ಚುಕಡಿಮೆ ಮೇಲಿನ 108 ಕೋಟಿ ಕಿಲೋಮೀಟರಿನಷ್ಟೇ. ವಾರಕ್ಕೊಮ್ಮೆ ಮಾತ್ರ ನೋಡಿದ್ದರೆ ಈ ಗ್ರಹಣ ತಪ್ಪಿಹೋಗುತ್ತಿತ್ತು. ಆ ಒಂದೇ ದಿನ ನೋಡಿದ್ದರೆ ಗೆಲಾಕ್ಸಿಯ ಚಟುವಟಿಕೆಯೇ ನಿಂತಿತೆಂದು ಬರೆಯಬೇಕಾಗುತ್ತಿತ್ತು.

ಅಡ್ಡ ಬಂದದ್ದು ಎರಡೇ ದಿನಕ್ಕೆ ಸರಿಯಬೇಕೆಂದೇನೂ ಇಲ್ಲ. ಬಹುಕಾಲದಿಂದ ಚೆನ್ನಾಗಿ ಪರಿಚಯವಿದ್ದ ಎನ್‌ಜಿಸಿ 5548ನ್ನು 2013ರಲ್ಲಿ ಹಲವು ಉಪಗ್ರಹಗಳು ಒಟ್ಟಿಗೆ ನೋಡಿದಾಗ ಅದರ ಕಡಿಮೆ ಶಕ್ತಿಯ ಕ್ಷ-ಕಿರಣದ ಬಹುಪಾಲು ಕಾಣೆಯಾಗಿತ್ತು. ತಟ್ಟೆಯಿಂದಲೇ ಎದ್ದು ಹೊರಗೆ ಹರಿಯುತ್ತಿದ್ದ ಅನಿಲದ ಹೊನಲು ಅದನ್ನು ಮರೆಮಾಡಿತ್ತು, ಮತ್ತು ಆ ಮರೆ ವರ್ಷಗಟ್ಟಲೆ ಉಳಿಯಿತು. ತಿಂಗಳುಗಟ್ಟಲೆ ಇಳಿದೇ ಇರುವ ಹೊಳಪು ಎಂದಾಕ್ಷಣ ಕಪ್ಪುಕುಳಿಗೆ ಆಹಾರ ನಿಂತಿತು ಎನ್ನಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಆಕರವೇ ಬದಲಾಗುವುದು ಇನ್ನೂ ಕುತೂಹಲದ ವಿಷಯ. 1980ರ ದಶಕದಲ್ಲಿ ಎಕ್ಸೋಸ್ಯಾಟ್ ಉಪಗ್ರಹ ದಿನಗಟ್ಟಲೆ ಬಿಡದೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಈ ಏರಿಳಿತಕ್ಕೆ ನಿಶ್ಚಿತ ತಾಳವಿಲ್ಲ. ಅಲ್ಪಾವಧಿಯ ಏರಿಳಿತ ಸಣ್ಣದು, ದೀರ್ಘಾವಧಿಯದು ದೊಡ್ಡದು. ಎಷ್ಟು ಹೆಚ್ಚು ಕಾಲ ನೋಡುತ್ತೀರೋ ಅಷ್ಟು ದೊಡ್ಡ ವ್ಯತ್ಯಾಸ ಕಾಣುತ್ತದೆ. ಇಂಥ ಯಾದೃಚ್ಛಿಕ ಏರಿಳಿತಕ್ಕೆ ಕೆಂಪು ಗದ್ದಲ ಎಂಬ ಹೆಸರಿದೆ. ಇದಕ್ಕೆ ಇನ್ನೊಂದು ಗುಣವೂ ಸೇರಿದೆ: ಸರಾಸರಿ ಹೊಳಪು ಹೆಚ್ಚಿರುವಾಗ ಏರಿಳಿತವೂ ಅದೇ ಅನುಪಾತದಲ್ಲಿ ಹೆಚ್ಚಿರುತ್ತದೆ, ಹೊಳಪು ತಗ್ಗಿದಾಗ ಅದೂ ತಗ್ಗುತ್ತದೆ. ಬೇರೆ ಬೇರೆ ಕಡೆ ಸಿಡಿಯುವ, ಒಂದಕ್ಕೊಂದು ಸಂಬಂಧವಿಲ್ಲದ ಕಿಡಿಗಳ ಮೊತ್ತವಾಗಿದ್ದರೆ ಈ ಗುಣ ಬರುವುದಿಲ್ಲ.

ಈ ಗುಣವನ್ನು ಅರ್ಥ ಮಾಡಿಸಲು ನಿಮ್ಮ ಕಡೆಯ ಕೆರೆ ಸರಣಿ ಸಾಕು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೇಲಿನ ಕೆರೆ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಮತ್ತೂ ಕೆಳಗಿನದಕ್ಕೆ ಹೋಗುತ್ತದೆ. ಮೇಲಿನದು ಬಂದ ನೀರಿನ ಅರ್ಧವನ್ನು ಬಿಟ್ಟು, ನಡುವಿನದು ಅದರಲ್ಲಿ ಅರ್ಧವನ್ನು ಬಿಟ್ಟರೆ ಕೊನೆಯ ಕೆರೆಗೆ ತಲುಪುವುದು ಕಾಲುಭಾಗ; ಇಲ್ಲಿ ಏರಿಳಿತಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ. ಅನಿಲದ ತಟ್ಟೆಯಲ್ಲೂ ಹೀಗೆಯೇ ನಡೆಯುತ್ತದೆಂಬ ವಿವರಣೆಯನ್ನು 1997ರಲ್ಲಿ ಲ್ಯುಬಾರ್ಸ್ಕಿ ಮುಂದಿಟ್ಟರು. ಹೊರವಲಯದಲ್ಲಿ ಅನಿಲದ ಹರಿವು ನಿಧಾನವಾಗಿ, ವರ್ಷಗಳ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಒಳಗೆ ಬಂದಂತೆ ಪ್ರತಿ ವಲಯವೂ ತನ್ನದೇ ಆದ, ಇನ್ನೂ ವೇಗದ ಏರಿಳಿತವನ್ನು ಅದರ ಮೇಲೆ ಹೇರುತ್ತದೆ. ಎಲ್ಲವನ್ನೂ ಹೊತ್ತ ಹರಿವು ಕೊನೆಗೆ ಕರೋನಾದ ಬಳಿ ಬಂದು ಕ್ಷ-ಕಿರಣದ ಹೊಳಪಾಗಿ ಕಾಣುತ್ತದೆ. ಹೊರಗಿನಿಂದ ಬರುವುದೇ ಕಡಿಮೆಯಿದ್ದರೆ ಒಳಗಿನ ಏರಿಳಿತಕ್ಕೆ ಆಡಲು ಅವಕಾಶವೂ ಕಡಿಮೆ. ಆದ್ದರಿಂದಲೇ ಈ ಹೊಳಪನ್ನು ನಕ್ಷೆ ಮಾಡುವಾಗ ಲಾಗರಿದಮ್ ಅಳತೆಯನ್ನು ಬಳಸುವುದು ಒಳ್ಳೆಯದು.

ಈಗ ಆ ಅರ್ಧ ಶತಮಾನದ ಮಾತಿಗೆ ಬರುತ್ತೇನೆ. ನಮ್ಮ ಗೆಲಾಕ್ಸಿಯಲ್ಲೇ ಇರುವ ಸಿಗ್ನಸ್ ಎಕ್ಸ್-1 ಸೂರ್ಯನ ಸುಮಾರು ಇಪ್ಪತ್ತು ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ. 1995ರ ಡಿಸೆಂಬರಿನಿಂದ 2012ರ ಜನವರಿಯವರೆಗೆ ಕೆಲಸ ಮಾಡಿದ ರಾಸಿ ಎಕ್ಸ್-ರೇ ಟೈಮಿಂಗ್ ಎಕ್ಸ್‌ಪ್ಲೋರರ್ ಉಪಗ್ರಹ ಹಲವು ಸಕ್ರಿಯ ಗೆಲಾಕ್ಸಿಗಳನ್ನು ವರ್ಷಗಟ್ಟಲೆ ಪಟ್ಟು ಬಿಡದೆ ಅಳೆಯಿತು. ಆ ದಾಖಲೆಗಳ ಆಧಾರದಿಂದ 2006ರಲ್ಲಿ ಇಯಾನ್ ಮೆಕ್‌ಹಾರ್ಡಿ ಮತ್ತು ಸಂಗಡಿಗರು ಸಣ್ಣ ಕಪ್ಪುಕುಳಿಗೂ ದೈತ್ಯ ಕಪ್ಪುಕುಳಿಗೂ ಒಂದೇ ನಿಯಮ ಹೊಂದುತ್ತದೆಂದು ತೋರಿಸಿದರು. ದ್ರವ್ಯರಾಶಿ ಹೆಚ್ಚಿದಂತೆ ಏರಿಳಿತ ನಿಧಾನ. ಅನಿಲ ಬೀಳುವ ದರ ಹೆಚ್ಚಿದಂತೆ ಚುರುಕು. ದರವನ್ನು ಸದ್ಯಕ್ಕೆ ಬದಿಗಿಟ್ಟು ದ್ರವ್ಯರಾಶಿಯನ್ನಷ್ಟೇ ಹಿಡಿದರೆ, ಹತ್ತು ಕೋಟಿ ಸೂರ್ಯರ ಕಪ್ಪುಕುಳಿ ಸಿಗ್ನಸ್ ಎಕ್ಸ್-1ಕ್ಕಿಂತ 50 ಲಕ್ಷ ಪಟ್ಟು ನಿಧಾನ. ಸಿಗ್ನಸ್ ಎಕ್ಸ್-1ರ ಒಂದು ನಿಮಿಷ ಗೆಲಾಕ್ಸಿಯ ಒಂಬತ್ತೂವರೆ ವರ್ಷ. ಉಹುರುವಿನಿಂದ ಇಂದಿನವರೆಗೆ ಮನುಷ್ಯರು ಕೂಡಿಸಿಟ್ಟ ಇಡೀ ಕ್ಷ-ಕಿರಣ ದಾಖಲೆ ಸಿಗ್ನಸ್ ಎಕ್ಸ್-1ರ ಆರು ನಿಮಿಷಕ್ಕೂ ಸಮವಲ್ಲ. ಗೆಲಾಕ್ಸಿಯ ‘ದೀರ್ಘಕಾಲಿಕ’ ಬದಲಾವಣೆ ಎಂದು ಬರೆಯುವಾಗ ಈ ಗುಣಾಕಾರವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಕ್ಷೇಮ. ದೀರ್ಘವೆಂಬುದು ನಮ್ಮ ಆಯುಷ್ಯಕ್ಕೆ, ಕಪ್ಪುಕುಳಿಗೆ ಅಲ್ಲ.

ಹಾಗಿದ್ದೂ ಆ ಕೆಲವು ನಿಮಿಷಗಳಲ್ಲಿ ನಡೆಯಬಾರದ್ದು ನಡೆದಿದೆ. ಸಿಗ್ನಸ್ ಎಕ್ಸ್-1 ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬದಲಾಗಿ ಅಲ್ಲೇ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಮೇಲಿನ ಅನುಪಾತದಲ್ಲಿ ಒಂದು ತಿಂಗಳು ಗೆಲಾಕ್ಸಿಗೆ ನಾಲ್ಕು ಲಕ್ಷ ವರ್ಷ. ಆದರೆ ಮಾರ್ಕರಿಯನ್ 1018 ಎಂಬ ಗೆಲಾಕ್ಸಿ 1980ರ ದಶಕದಲ್ಲಿ ಮಂದ ವರ್ಗದಿಂದ ಉಜ್ವಲ ವರ್ಗಕ್ಕೆ ಏರಿ, 2015ರ ಹೊತ್ತಿಗೆ ಮತ್ತೆ ಹಳೆಯ ವರ್ಗಕ್ಕೇ ಇಳಿಯಿತು. ಅದರ ಕ್ಷ-ಕಿರಣವೂ ಕೆಲವೇ ವರ್ಷಗಳಲ್ಲಿ ಸುಮಾರು ಎಂಟನೇ ಒಂದು ಭಾಗಕ್ಕೆ ಕುಸಿಯಿತು, ಅಡ್ಡ ಬಂದ ಮೋಡದ ಗುರುತೂ ಸಿಗಲಿಲ್ಲ. 1ಇಎಸ್ 1927+654 ಇನ್ನೂ ವಿಚಿತ್ರ. 2017ರ ಕೊನೆಯಲ್ಲಿ ಅದರ ಗೋಚರ ಬೆಳಕು ಥಟ್ಟನೆ ಏರಿತು. 2018ರಲ್ಲಿ ಸುಮಾರು ನಲವತ್ತು ದಿನಗಳೊಳಗೆ ಕ್ಷ-ಕಿರಣ ಸಾವಿರ ಪಟ್ಟಿಗೂ ಮೀರಿ ಕುಸಿಯಿತು, ಕರೋನಾವೇ ಅಳಿಸಿಹೋದಂತೆ. ಮುಂದೆ ಕೆಲವು ತಿಂಗಳಲ್ಲಿ ಅದು ಮರಳಿ ಕಟ್ಟಿಕೊಂಡು ಮೊದಲಿಗಿಂತಲೂ ಪ್ರಖರವಾಯಿತು. ತಟ್ಟೆಯ ಮೂಲಕ ಅನಿಲ ಒಳಸರಿಯಲು ಪಠ್ಯಪುಸ್ತಕದ ಲೆಕ್ಕ ಕೇಳುವ ಕಾಲ ಇದಕ್ಕಿಂತ ಬಹಳ ಹೆಚ್ಚು. ನಕ್ಷತ್ರವೊಂದು ಕಪ್ಪುಕುಳಿಯ ಸಮೀಪ ಹರಿದು ಚೂರಾಯಿತು, ಕಾಂತಕ್ಷೇತ್ರದ ದಿಕ್ಕು ತಿರುಗಿತು ಎಂಬ ವಿವರಣೆಗಳು ಬಂದಿವೆ. ನನ್ನ ಅಭಿಪ್ರಾಯ ಕೇಳಿದರೆ, ಪಠ್ಯದ ತೆಳು ತಟ್ಟೆಯ ಚಿತ್ರಕ್ಕೇ ತಿದ್ದುಪಡಿ ಬೇಕಾಗಿದೆ. ಒಂದೊಂದು ಗೆಲಾಕ್ಸಿಗೆ ಒಂದೊಂದು ಅಪಘಾತವನ್ನು ಹುಡುಕಿಕೊಂಡು ಹೋಗುವುದು ಎಲ್ಲಿಗೂ ಮುಟ್ಟಿಸುವುದಿಲ್ಲ.

ನಡುಭಾಗ ಆರಿದ್ದನ್ನು ಖಚಿತಪಡಿಸಿಕೊಳ್ಳಲು ಕೆಲವೊಮ್ಮೆ ಒಂದು ಸೊಗಸಾದ ಸಾಕ್ಷ್ಯ ದೊರೆಯುತ್ತದೆ. ಮೇಲೆ ಹೇಳಿದ ಎನ್‌ಜಿಸಿ 4051 1998ರಲ್ಲಿ ಐದು ತಿಂಗಳಷ್ಟು ಕಾಲ ಅತಿ ಮಂದವಾಗಿತ್ತು. ಆಗ ಉಳಿದಿದ್ದ ಕ್ಷ-ಕಿರಣದ ವರ್ಣಪಟಲ ನೇರ ಬೆಳಕಿನದಾಗಿರಲಿಲ್ಲ. ದೂರದ ಅನಿಲಕ್ಕೆ ತಾಗಿ ಪ್ರತಿಫಲಿಸಿ ಬಂದದ್ದಾಗಿತ್ತು. ನಡುಭಾಗ ಮಂಕಾಗುವ ಮೊದಲು ಹೊರಟಿದ್ದ ಕಿರಣಗಳೇ ಬಳಸುದಾರಿ ಹಿಡಿದು ತಡವಾಗಿ ನಮ್ಮನ್ನು ತಲುಪುತ್ತಿದ್ದವು. ಹಾಗಾಗಿ ಆ ಅನಿಲ ನಡುಭಾಗದಿಂದ ತಿಂಗಳುಗಟ್ಟಲೆ ಬೆಳಕಿನ ದಾರಿಯಷ್ಟಾದರೂ ದೂರದಲ್ಲಿರಬೇಕು.

ಇನ್ನು ಆಗೊಮ್ಮೆ ಈಗೊಮ್ಮೆ ನೋಡುವುದರ ಬಗ್ಗೆ. ಭೂಮಿಯ ಸಮೀಪದ ಕಕ್ಷೆಯಲ್ಲಿರುವ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವಾಗ ಭೂಮಿಯೇ ಬಹುಪಾಲು ಆಕರಗಳಿಗೆ ಅಡ್ಡ ಬರುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಸೂರ್ಯ ಆ ದಿಕ್ಕಿಗೆ ಸಮೀಪವಿರುವುದರಿಂದ ಅತ್ತ ತಿರುಗಲೇ ಆಗದು. ಆದ್ದರಿಂದ ದಾಖಲೆಯಲ್ಲಿ ತೂತುಗಳು ತಪ್ಪಿದ್ದಲ್ಲ. ಒಂದೇ ಗೆಲಾಕ್ಸಿಯ ನಾಲ್ಕು ಬಿಂದುಗಳಿಂದ ಅದರ ನಡವಳಿಕೆಯನ್ನು ಹೇಳಲಾಗುವುದಿಲ್ಲ. ‘ಹೊಳಪು ಬದಲಾಗಿದೆ’ ಎನ್ನಬಹುದು, ‘ಇಳಿಯುತ್ತಾ ಬಂದಿದೆ’ ಎನ್ನಲಾಗದು. ಆದರೆ ಸಾವಿರಾರು ಗೆಲಾಕ್ಸಿಗಳ ಎರಡೆರಡು ಬಿಂದುಗಳು ಸಿಕ್ಕರೆ ಸರಾಸರಿ ನಡವಳಿಕೆ ಸಿಗುತ್ತದೆ. 1990–91ರಲ್ಲಿ ರೋಸ್ಯಾಟ್ ಎಂಬ ಕ್ಷ-ಕಿರಣ ಉಪಗ್ರಹ ಇಡೀ ಆಕಾಶವನ್ನು ನೋಡಿತ್ತು. 2019ರ ಜುಲೈನಲ್ಲಿ ಹಾರಿದ ಇರೋಸಿಟಾ ಎಂಬ ಕ್ಷ-ಕಿರಣ ದೂರದರ್ಶಕ ಆರು ತಿಂಗಳಿಗೊಮ್ಮೆ ಅದೇ ಆಕಾಶವನ್ನು ನಾಲ್ಕು ಬಾರಿ ಪೂರ್ತಿಯಾಗಿ ಹಾದುಹೋಯಿತು. ಎರಡನ್ನೂ ಹೋಲಿಸಿದರೆ ಮೂವತ್ತು ವರ್ಷದ ಅಂತರ ದೊರೆಯುತ್ತದೆ.

ಬೇರೆ ಬೇರೆ ಉಪಗ್ರಹಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸುವಾಗ ಮೋಸ ಹೋಗುವುದು ಬಹಳ ಸುಲಭ. ಒಂದರ ವ್ಯಾಪ್ತಿ ಎರಡು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಮುಗಿದರೆ ಇನ್ನೊಂದರದು ಅಲ್ಲಿಂದ ಶುರುವಾಗಬಹುದು. ಹಿಂದೆ ಎಲ್ಲರೂ ಉಪಕರಣವನ್ನು, ಸಿಡಿದ ನಕ್ಷತ್ರವೊಂದರ ಅವಶೇಷವಾದ ಏಡಿ ನೀಹಾರಿಕೆಯ ಮೇಲೆ ತಿರುಗಿಸಿ, ಅದು ಬದಲಾಗುವುದಿಲ್ಲವೆಂಬ ನಂಬಿಕೆಯಿಂದ ಅಳತೆಗೆ ತಾಳೆ ನೋಡುತ್ತಿದ್ದರು. 2008ರಿಂದ 2010ರ ನಡುವೆ ಆ ನೀಹಾರಿಕೆಯ ಕ್ಷ-ಕಿರಣವೇ ಸುಮಾರು ಶೇಕಡ 7ರಷ್ಟು ಇಳಿದಿದ್ದನ್ನು ಹಲವು ಉಪಗ್ರಹಗಳು ಒಟ್ಟಾಗಿ ತೋರಿಸಿದವು. ಗೆಲಾಕ್ಸಿಯಲ್ಲಿ ಕಾಣುವ ಶೇಕಡ ಐದರ ವ್ಯತ್ಯಾಸವನ್ನು ಹತ್ತು ವರ್ಷಗಳ ‘ಪ್ರವೃತ್ತಿ’ ಎಂದು ಹೇಳುವವರು ಇದನ್ನು ಮರೆಯಬಾರದು. ಇಮ್ಮಡಿ, ಹತ್ತು ಪಟ್ಟು ವ್ಯತ್ಯಾಸಗಳಿಗೆ ಈ ಭಯವಿಲ್ಲ.

ನಿಶ್ಚಿತ ಅವಧಿಯ ಬಗ್ಗೆ ನನ್ನ ಉತ್ತರ ಸ್ವಲ್ಪ ಕಟುವಾಗಿಯೇ ಇದೆ. ಕೆಂಪು ಗದ್ದಲದ ಸ್ವಭಾವವೇ ನಿಧಾನವಾದ ದೊಡ್ಡ ಅಲೆಗಳನ್ನು ಎಬ್ಬಿಸುವುದು. ದಾಖಲೆಯ ಉದ್ದಕ್ಕೆ ಸರಿಹೊಂದುವ ಎರಡು ಮೂರು ಅಲೆಗಳು ಯಾವ ಕಾರಣವೂ ಇಲ್ಲದೆ ಕಾಣಿಸಿಕೊಳ್ಳುತ್ತವೆ. ಪಿಜಿ 1302-102 ಎಂಬ ಕ್ವೇಸಾರಿನ (ಅತಿ ಪ್ರಖರವಾದ ಸಕ್ರಿಯ ಗೆಲಾಕ್ಸಿಯ ನಡುಭಾಗದ) ಗೋಚರ ಬೆಳಕಿಗೆ 5.2 ವರ್ಷದ ಅವಧಿಯಿದೆ, ಅಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿವೆ ಎಂಬ ವರದಿ 2015ರಲ್ಲಿ ಬಂತು. ಮರುವರ್ಷವೇ ಸೈಮನ್ ವಾನ್ ಮತ್ತಿತರರು, ಆ ವಕ್ರರೇಖೆಯನ್ನು ಬರಿಯ ಯಾದೃಚ್ಛಿಕ ಏರಿಳಿತವೂ ಅಷ್ಟೇ ಚೆನ್ನಾಗಿ ವಿವರಿಸುತ್ತದೆಂದು ತೋರಿಸಿದರು. ಕ್ಷ-ಕಿರಣದಲ್ಲಿ ನಂಬಬಹುದಾದ ಉದಾಹರಣೆ ಆರ್‌ಇ ಜೆ1034+396 ಎಂಬ ಸಕ್ರಿಯ ಗೆಲಾಕ್ಸಿ. ಅದರ ಅವಧಿ ವರ್ಷಗಳಲ್ಲ, ಸುಮಾರು ಒಂದು ಗಂಟೆ. ಒಂದೇ ವೀಕ್ಷಣೆಯಲ್ಲಿ ಹತ್ತಾರು ಸುತ್ತು ಕಂಡದ್ದರಿಂದಲೇ ಅದಕ್ಕೆ ಬೆಲೆ ಬಂದಿತು. ಹತ್ತು ವರ್ಷದ ಅವಧಿಯನ್ನು ಅದೇ ಭರವಸೆಯಿಂದ ಹೇಳಬೇಕಾದರೆ ಇನ್ನೊಂದು ತಲೆಮಾರು ಕಾಯಬೇಕು.

ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಹಾರಿತು. ಅದರ ವಿಶೇಷವೆಂದರೆ ಕಡಿಮೆ ಶಕ್ತಿಯ ಕ್ಷ-ಕಿರಣ, ಹೆಚ್ಚಿನ ಶಕ್ತಿಯದು ಮತ್ತು ನೇರಳಾತೀತ ಬೆಳಕು ಇವಿಷ್ಟನ್ನೂ ಒಂದೇ ಕ್ಷಣದಲ್ಲಿ ಅಳೆಯುವುದು. ಮೋಡವೋ ಆಕರವೋ ಎಂಬ ಪ್ರಶ್ನೆಗೆ ಬೇಕಾದದ್ದು ಅದೇ. ಜೊತೆಗೆ ಗೋಚರ ಬೆಳಕಿನ ವರ್ಣಪಟಲವೂ ಬೇಕು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ನಿಮಗೆ ದೂರವಲ್ಲದ ಹೊಸಕೋಟೆಯಿಂದ. ಮುಂದಿನ ಸಲ ವಿದ್ಯಾರ್ಥಿಗಳನ್ನು ಅತ್ತ ಕರೆದೊಯ್ಯಲು ಅನುಮತಿ ಕೇಳಿ ನೋಡಿ.

ತರಗತಿಯಲ್ಲಿ ಮಾಡಿಸಲು ಒಂದು ಕೆಲಸವನ್ನೂ ಸೂಚಿಸುತ್ತೇನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಮ್ಯಾಕ್ಸಿ ಉಪಕರಣ 2009ರಿಂದ ಅಳೆಯುತ್ತಾ ಬಂದ ಅಂಕಿಗಳು, ಮತ್ತು ಸ್ವಿಫ್ಟ್ ಉಪಗ್ರಹ ಹೆಚ್ಚಿನ ಶಕ್ತಿಯ ಕ್ಷ-ಕಿರಣದಲ್ಲಿ ಪಡೆದ ದಿನವಹಿ ಅಂಕಿಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಎನ್‌ಜಿಸಿ 4151ನ್ನು ಆರಿಸಿಕೊಳ್ಳಿ. ಇಂಥ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುವಷ್ಟು ಪ್ರಖರವಾದ ಸಕ್ರಿಯ ಗೆಲಾಕ್ಸಿಗಳು ಕೆಲವೇ, ಅದು ಅವುಗಳಲ್ಲೊಂದು. ಒಂದು ದಿನದ ಅಂಕಿಯಲ್ಲಿ ದೋಷದ ಪಾಲು ಹೆಚ್ಚಿರುವುದರಿಂದ ಒಂದೊಂದು ತಿಂಗಳಿನದನ್ನು ಒಟ್ಟುಗೂಡಿಸಿ ಸರಾಸರಿ ತೆಗೆಸಿ, ಲಾಗರಿದಮ್ ಅಳತೆಯಲ್ಲಿ ನಕ್ಷೆ ಬರೆಸಿ. ಆಮೇಲೆ ಆ ಬಿಂದುಗಳಲ್ಲಿ ಹತ್ತಕ್ಕೊಂದನ್ನು ಮಾತ್ರ ಉಳಿಸಿ ಮತ್ತೆ ಬರೆಸಿ, ಎರಡನೆಯ ನಕ್ಷೆಯಲ್ಲಿ ಎಷ್ಟು ಜನರಿಗೆ ಅವಧಿ ಕಾಣುತ್ತದೆಂದು ಕೇಳಿ.